ಪಾಸಾದ ಮೇಲೆ ಉರಿಗೆ ಹಿಡಿಯಬಾರದು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆಗಲಿ, ಒಪ್ಪಿದೆ. ಆದರೆ ಸತ್ತವರ ಬಗ್ಗೆ ಅರ್ಧ ಸತ್ಯ ಆಡಬಹುದು ಅಂತ ಯಾರು ಹೇಳಿದರು?

ಹೋದ ತಿಂಗಳು ರಾಜಾಜಿನಗರದಲ್ಲಿ ನಮ್ಮ ಗಾಜಿನ ಮೇಷ್ಟ್ರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋಗೆ ಸುಗಂಧರಾಜದ ಹಾರ, ಪಕ್ಕದಲ್ಲಿ ಅವರು ಮಾಡಿದ ಗಾಜಿನ ಹಕ್ಕಿ, ಹಿಂದುಗಡೆ ಉಪ್ಪಿಟ್ಟಿನ ವಾಸನೆ. ಮಾತಾಡಿದವರಲ್ಲಿ ಮುಕ್ಕಾಲು ಜನ ಒಂದೇ ಕಥೆ ಹೇಳಿದರು. ಆಯುಧಪೂಜೆಯ ದಿನ ಮೇಷ್ಟ್ರು ಶಿಷ್ಯರೆಲ್ಲರ ಮುಂದೆ ನಿಂತು ತಮ್ಮ ತಪ್ಪು ಒಪ್ಪಿಕೊಂಡ ಕಥೆ. "ಎಂಥ ದೊಡ್ಡ ಮನಸ್ಸು ನೋಡಿ!" ಅಂತ ಒಬ್ಬರಾದ ಮೇಲೊಬ್ಬರು ಕಣ್ಣೊರೆಸಿಕೊಂಡರು. ನಾನು ಎರಡನೇ ಸಾಲಿನಲ್ಲಿ ಕೂತು ಕರ್ಚೀಫು ಹಿಂಡುತ್ತಿದ್ದೆ. ಪಾಪ, ಅಳ್ತಿದಾರೆ ಅಂತ ಪಕ್ಕದವರು ಬೆನ್ನು ಸವರಿದರು. ಬಂದದ್ದು ಸಿಟ್ಟು. ಅಳುವೂ ಇತ್ತು, ಇಲ್ಲ ಅನ್ನುವುದಿಲ್ಲ.

ನನಗೆ ಮಾತಾಡಲು ಹೊತ್ತು ಸಿಗಲಿಲ್ಲ. ನೆನಪಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಮೇಡಂ ಅಂದರು. ಬರೆದಿದ್ದೇನೆ. ಅಚ್ಚು ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ಅವರೂ ನಾನೂ ಒಂದೇ ಕಲಾಶಾಲೆಯಲ್ಲಿ ಮೇಷ್ಟ್ರುಗಳು. ನಾನು ಚಿತ್ರಕಲೆ, ಅವರು ಗಾಜು. ಗಾಜಿನ ವಿಭಾಗ ಅಂದರೆ ಕ್ಯಾಂಟೀನಿನ ಹಿಂದಿದ್ದ ಒಂದು ತಗಡಿನ ಶೆಡ್ಡು. ಬೇಸಿಗೆಯಲ್ಲಿ ಅದರೊಳಗೆ ಕಾಲಿಟ್ಟರೆ ಹಪ್ಪಳದ ಹಾಗೆ ಸುಟ್ಟು ಹೋಗಬೇಕು. ಅವರು ಅಲ್ಲೇ ಕುರ್ಚಿ ಹಾಕಿಕೊಂಡು, ನೀಲಿ ಉರಿಯ ಮುಂದೆ ಗಾಜಿನ ಕೊಳವೆ ತಿರುಗಿಸುತ್ತಾ, ಊದುತ್ತಾ, ಬೈಯುತ್ತಾ ಇರುತ್ತಿದ್ದರು. ಮೊದಲಿಗೆ ಅವರು ಒಂದು ವಿಜ್ಞಾನ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಪ್ರಯೋಗಾಲಯಕ್ಕೆ ಬೇಕಾದ ಫ್ಲಾಸ್ಕು, ಸುರುಳಿ ಕೊಳವೆ ಮಾಡುತ್ತಿದ್ದವರು. ಅಳತೆ ಒಂದು ಕೂದಲು ಹೆಚ್ಚುಕಡಿಮೆ ಆದರೂ ವಿಜ್ಞಾನಿಗಳು ವಾಪಸ್ ಕಳಿಸುತ್ತಿದ್ದರಂತೆ. ಒಂದು ದಿನ ಊಟದ ಹೊತ್ತಿನಲ್ಲಿ ಉಳಿದ ಚೂರುಗಳಿಂದ ಗುಬ್ಬಚ್ಚಿ ಮಾಡಿದರು. ಆ ಗುಬ್ಬಚ್ಚಿ ನೋಡಿದ ಯಾರೋ ಪುಣ್ಯಾತ್ಮರು ಅವರನ್ನು ಹೊರದೇಶಕ್ಕೆ ಕಲಿಯಲು ಕಳಿಸಿದರು. ಹಿಂತಿರುಗಿ ಬಂದ ಮೇಲೆ ಫ್ಲಾಸ್ಕು ಮುಟ್ಟಲಿಲ್ಲ. ದೊಡ್ಡ ದೊಡ್ಡ ಗ್ಯಾಲರಿಗಳಲ್ಲಿ ಅವರ ಕೆಲಸ ನಿಂತಿತು. ನಿವೃತ್ತಿಯಾದ ಮೇಲೆ ಶ್ರೀಗಂಧದ ಕಾವಲಿನಲ್ಲಿ ಸ್ವಂತ ಶೆಡ್ಡು ಹಾಕಿ ಭಾನುವಾರದ ಪಾಠ ಶುರು ಮಾಡಿದರು.

ಬಲು ವಿಚಿತ್ರ ಪ್ರಾಣಿ. ಜೀವಮಾನವಿಡೀ ಗಾಜು ಊದಿದ ಮನುಷ್ಯ ಕಾಫಿ ಕುಡಿಯುತ್ತಿದ್ದದ್ದು ಸ್ಟೀಲ್ ಲೋಟದಲ್ಲಿ. ದರ್ಶಿನಿಯಲ್ಲಿ ಗಾಜಿನ ಲೋಟ ಕೊಟ್ಟರೆ ಬೆಳಕಿಗೆ ಹಿಡಿದು, ಉಗುರಿನಿಂದ ಟಣ್ ಅನ್ನಿಸಿ, "ಬೇಡ ಗುರೂ, ಇದಕ್ಕೆ ಆಯಸ್ಸಿಲ್ಲ" ಅಂತ ವಾಪಸ್ ಕೊಡುವರು. ಕೊಡುವ ಹುಡುಗ ತಬ್ಬಿಬ್ಬು. ಅವರೆಕಾಯಿ ಕಾಲದಲ್ಲಿ ಕುರುಬರಹಳ್ಳಿಯ ತಮ್ಮ ಮನೆಯಿಂದ ಒಂದು ಡಬ್ಬಿ ಹಿತಕಿದಬೇಳೆ ಸಾರು ತಂದು, ಯಾರ ಮಗಳು ಬಸುರಿ, ಯಾರ ಮಗನಿಗೆ ಹುಷಾರಿಲ್ಲ ಅಂತ ನೆನಪಿಟ್ಟುಕೊಂಡು ಹಂಚುವರು. ಅದೇ ಬಾಯಿಂದ ಐದು ನಿಮಿಷದ ಮೇಲೆ ಒಬ್ಬ ಹುಡುಗನಿಗೆ, "ನಿಂಗೆ ಕೈ ಕೊಟ್ಟಿರೋದು ದೇವರ ದುಂದುವೆಚ್ಚ ಕಣೋ" ಅನ್ನುವರು.

ಹೊಸಬರಿಗೆ ಅವರು ಮೊದಲು ಉರಿ ಕೊಡುತ್ತಿರಲಿಲ್ಲ. ಎರಡು ಪೆನ್ಸಿಲ್, ನಡುವೆ ಒಂದು ಕರ್ಚೀಫು. ಕರ್ಚೀಫಿನ ಎರಡು ಅಂಚನ್ನು ಎರಡು ಪೆನ್ಸಿಲ್‌ಗೆ ಕಟ್ಟಿ, ಎರಡೂ ಕೈಯಿಂದ ಒಟ್ಟಿಗೆ ತಿರುಗಿಸಬೇಕು. ಬಟ್ಟೆ ಮುರುಟಬಾರದು. ಉರಿಯಲ್ಲಿ ಗಾಜು ಮೆತ್ತಗಾದಾಗ ಎರಡು ಕೈಯೂ ಒಂದೇ ವೇಗದಲ್ಲಿ ತಿರುಗದಿದ್ದರೆ ಅದು ಹಿಂಡಿದ ಬಟ್ಟೆಯಾಗುತ್ತದೆ, ಅಷ್ಟೇ. ಒಮ್ಮೆ ಸ್ಟಾಫ್ ಮೀಟಿಂಗಿನಲ್ಲಿ ನನ್ನ ಕೈಗೂ ಆ ಪೆನ್ಸಿಲ್ ಕೊಟ್ಟು, "ಪ್ರಿನ್ಸಿಪಾಲರ ಭಾಷಣ ಕೇಳೋದಕ್ಕಿಂತ ಇದು ವಾಸಿ, ತಿರುಗಿಸಿ ಮೇಡಂ" ಅಂದರು. ಭಾಷಣ ಮುಗಿಯುವುದರೊಳಗೆ ನನ್ನ ಕರ್ಚೀಫು ಚಕ್ಕುಲಿ ಆಗಿತ್ತು. "ನೀವು ಬಣ್ಣ ಬಳ್ಕೊಂಡೇ ಇರಿ" ಅಂತ ಕಿಸಕ್ಕನೆ ನಕ್ಕರು.

ಈಗ ವಿಷಯಕ್ಕೆ ಬರಬೇಕಾದರೆ ಗಾಜಿನ ಒಂದು ಗುಣ ಹೇಳಲೇಬೇಕು. ಉರಿಯಿಂದ ತೆಗೆದ ಗಾಜನ್ನು ಹಾಗೇ ಆರಲು ಬಿಟ್ಟರೆ ಹೊರಗೆ ಬೇಗ ತಣಿಯುತ್ತದೆ, ಒಳಗೆ ನಿಧಾನ. ಒಳಗೊಂದು ಎಳೆದಾಟ ಉಳಿದುಬಿಡುತ್ತದೆ. ನೋಡಲು ಏನೂ ಆಗಿರುವುದಿಲ್ಲ. ವಾರದ ಮೇಲೋ ವರ್ಷದ ಮೇಲೋ ಯಾರದೋ ಕೈಯಲ್ಲಿ ಪಟ್ ಅಂತ ಒಡೆಯುತ್ತದೆ. ಅದಕ್ಕೇ ಕರೆಂಟಿನ ಓವನ್ನಿನಲ್ಲಿಟ್ಟು ಬೆಳಗಿನವರೆಗೆ ನಿಧಾನವಾಗಿ ಆರಿಸುತ್ತಾರೆ. ಎಳೆದಾಟ ಉಳಿದಿದೆಯೋ ಇಲ್ಲವೋ ನೋಡಲು ಮೇಷ್ಟ್ರ ಹತ್ತಿರ ರಟ್ಟಿನ ಚೌಕಟ್ಟಿಗೆ ಅಂಟಿಸಿದ ಎರಡು ಕಪ್ಪು ಹಾಳೆ ಇದ್ದವು. ಬೆಳಕಿನ ಮುಂದೆ ಆ ಎರಡರ ನಡುವೆ ಗಾಜು ಹಿಡಿದರೆ, ಎಳೆದಾಟ ಇರುವ ಕಡೆ ಮಬ್ಬು ಬೆಳಕು, ನೀಲಿ, ಹಳದಿ ಕಾಣುತ್ತದೆ. ಸರಿಯಾಗಿ ಆರಿದ್ದರೆ ಏನೂ ಕಾಣದು, ಬರೀ ಕತ್ತಲೆ. ನಾನು ಮೊದಲ ಸಲ ನೋಡಿದಾಗ "ಅಯ್ಯೋ ಎಷ್ಟು ಚೆನ್ನಾಗಿದೆ!" ಅಂದಿದ್ದೆ. "ಚೆನ್ನಾಗಿಲ್ಲ ಮೇಡಂ, ಅದು ನರಳ್ತಾ ಇದೆ" ಅಂದಿದ್ದರು.

ಶೆಡ್ಡಿನಿಂದ ಹೊರಗೆ ಹೋಗುವ ಪ್ರತಿಯೊಂದು ವಸ್ತುವನ್ನೂ ಅವರೇ ನೋಡಬೇಕು. ನೋಡಿ "ಶುದ್ಧ" ಅಂದರೆ ಪಾಸು. ಪಾಸಾದ ಮೇಲೆ ಯಾರೂ ಅದನ್ನು ಮತ್ತೆ ಉರಿಗೆ ಹಿಡಿಯಬಾರದು. ಅಂಚು ಸ್ವಲ್ಪ ಸೊಟ್ಟಗಿದೆ, ಒಂದು ಚೂರು ಕಾಯಿಸಿ ನೇರ ಮಾಡೋಣ ಅಂತ ಕೈ ತುರಿಸುತ್ತದೆ ನೋಡಿ, ಅಲ್ಲೇ ಕೆಡುವುದು. ಕಾದ ಜಾಗದಲ್ಲಿ ಮತ್ತೆ ಎಳೆದಾಟ. ಆ ಶೆಡ್ಡಿನಲ್ಲಿ ಕಳ್ಳತನಕ್ಕಾದರೂ ಕ್ಷಮೆ ಇತ್ತು, ಇದಕ್ಕಿರಲಿಲ್ಲ.

ರೇಣುಕಾ ಅಲ್ಲಿಗೆ ಬಂದದ್ದು ನಮ್ಮ ಕಾಲೇಜಿನ ಡಿಪ್ಲೊಮಾ ಮುಗಿಸಿ. ಗದಗಿನ ಕಡೆಯವಳು, ಅನ್ನಪೂರ್ಣೇಶ್ವರಿ ನಗರದಲ್ಲಿ ಅಣ್ಣನ ಜೊತೆ ಒಂದು ರೂಮಿನಲ್ಲಿದ್ದಳು. ನನ್ನ ಶಿಷ್ಯೆಯೂ ಹೌದು. ಚಿತ್ರ ಸುಮಾರು, ಕೈ ಮಾತ್ರ ಬಂಗಾರ. ಮೇಷ್ಟ್ರು ಪೆನ್ಸಿಲ್ ಕರ್ಚೀಫು ಕೊಟ್ಟರೆ, ಅವರ ಮುಖ ನೋಡುತ್ತಲೇ, ಮಾತಾಡುತ್ತಲೇ ತಿರುಗಿಸಿದಳಂತೆ. ಬಟ್ಟೆಯಲ್ಲಿ ಒಂದು ನಿರಿಗೆ ಇಲ್ಲ. "ಎಲ್ಲಿ ಕಲಿತೆಯಮ್ಮ?" ಅಂದರೆ, "ರೊಟ್ಟಿ ಬಡಿಯೂ ಕೈರೀ ಸರ್, ಎರಡೂ ಒಂದ ತಾಳ ಹಿಡಿತಾವ" ಅಂದಳು. ಮೇಷ್ಟ್ರು ಅವತ್ತು ನನಗೆ ಫೋನ್ ಮಾಡಿದರು. "ಮೇಡಂ, ಸಿಕ್ಕಿಬಿಟ್ಳು. ನಾನು ಇನ್ನು ನೆಮ್ಮದಿಯಾಗಿ ಸಾಯಬಹುದು." ನನ್ನ ಶೆಡ್ಡು ಈ ಹುಡುಗಿಗೇ ಅಂತ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತಿದ್ದರು. ಹೆತ್ತ ಮಗಳಿಗೂ ಅವರು ಅಷ್ಟು ಹಿಗ್ಗಿದ್ದನ್ನು ನಾನು ಕಂಡಿಲ್ಲ.

ಅಷ್ಟು ಹೊತ್ತಿಗೆ ಅವರ ಕಣ್ಣು ಮಂಜಾಗತೊಡಗಿತ್ತು. ಬಸ್ಸಿನ ನಂಬರು ಪಕ್ಕದವರನ್ನು ಕೇಳುವರು. ಕೊಳೆತ ಟೊಮೇಟೊ ಆರಿಸಿ ತಂದು ಹೆಂಡತಿಯ ಹತ್ತಿರ ಬೈಸಿಕೊಳ್ಳುವರು. ಡಾಕ್ಟರ ಹತ್ತಿರ ಹೋಗಿ ಮೇಷ್ಟ್ರೇ ಅಂದರೆ, "ನನ್ನ ಕಣ್ಣು ನಂಗೆ ಗೊತ್ತು" ಅನ್ನುವರು.

ಒಂದು ಮಳೆಗಾಲ. ಕರೆಂಟು ಹೋಗುವುದು ಬರುವುದು, ಹೋಗುವುದು ಬರುವುದು. ರೇಣುಕಾ ಮಾಡಿದ ಒಂದು ಜೊತೆ ಹೂದಾನಿಗಳನ್ನು ಓವನ್ನಿಗಿಟ್ಟು ಎಲ್ಲರೂ ಮನೆಗೆ ಹೋಗಿದ್ದರು. ಬೆಳಗ್ಗೆ ಮೇಷ್ಟ್ರೇ ತೆಗೆದು, ಎರಡನ್ನೂ ಕಪ್ಪು ಹಾಳೆಗಳ ನಡುವೆ ಹಿಡಿದು, "ಶುದ್ಧ, ಶುದ್ಧ" ಅಂದರು. ನಾನು ಅಲ್ಲೇ ಇದ್ದೆ. ನನ್ನ ಹುಟ್ಟಿದ ಹಬ್ಬ ಅಂತ ರೇಣುಕಾ ಒಂದನ್ನು ನನ್ನ ಕೈಗಿಟ್ಟಳು. ಅಲ್ಲಿಂದಲೇ ಆಟೋ ಹಿಡಿದು, ಟವೆಲಿನಲ್ಲಿ ಸುತ್ತಿಕೊಂಡು ಬಸವೇಶ್ವರನಗರದ ಮನೆಗೆ ತಂದು ಟಿವಿ ಪಕ್ಕದಲ್ಲಿಟ್ಟೆ. ಇನ್ನೊಂದು ಪ್ರದರ್ಶನಕ್ಕೆಂದು ಶೆಡ್ಡಿನಲ್ಲೇ ಉಳಿಯಿತು.

ಅದೇ ವಾರ ಅದನ್ನು ಪ್ಯಾಕ್ ಮಾಡಲು ರೇಣುಕಾ ಒರೆಸುತ್ತಿದ್ದಾಗ ಕೈಯಲ್ಲೇ ಒಡೆಯಿತು. ಬಲಗೈಯ ಎರಡು ಬೆರಳಿನ ನರ ಕತ್ತರಿಸಿಹೋಯಿತು. ಆಪರೇಷನ್ ಆಯಿತು, ವ್ಯಾಯಾಮ ಆಯಿತು, ಬೆರಳು ಮಾತ್ರ ಮಡಚಲು ಬರಲಿಲ್ಲ.

ಬ್ಯಾಂಡೇಜು ಕಟ್ಟಿಕೊಂಡು ಅವಳು ಶೆಡ್ಡಿಗೆ ಬಂದ ಭಾನುವಾರ, ತುಂಬಿದ ಕ್ಲಾಸಿನಲ್ಲಿ ಮೇಷ್ಟ್ರು ಕೇಳಿದರು.

"ಪಾಸಾದ ಮೇಲೆ ಉರಿಗೆ ಹಿಡಿದ್ಯಾ?"

"ಇಲ್ರೀ ಸರ್. ನಾ ಮುಟ್ಟಿಲ್ಲ."

"ನಾನು ನೋಡಿದಾಗ ಶುದ್ಧವಾಗಿತ್ತು. ಗಾಜು ಸುಳ್ಳು ಹೇಳಲ್ಲ. ಅಂಚು ನೇರ ಮಾಡೋಕೆ ಹೋಗಿದ್ದೀಯ."

"ನಮ್ಮವ್ವನ ಆಣಿ ಸರ್, ಹಿಡದಿಲ್ರೀ."

"ಕೈ ಹೋಯ್ತು ಅಂತ ಅಯ್ಯೋ ಅನ್ಸುತ್ತೆ. ಸುಳ್ಳು ಹೇಳ್ತೀಯಲ್ಲ, ಅದಕ್ಕೆ ಅಸಹ್ಯ ಆಗುತ್ತೆ. ನಾಳೆಯಿಂದ ಬರಬೇಡ."

ಅವಳು ಎಡಗೈಯಿಂದ ಬ್ಯಾಗು ಎತ್ತಿಕೊಂಡು ಹೋದಳು. ನಾನು ಅವರ ಮನೆಗೇ ಹೋಗಿ ಜಗಳ ಆಡಿದೆ. "ನಿಮಗೆ ಎದುರುಗಡೆ ಬರೋ ಬಸ್ ಕಾಣಲ್ಲ, ಅದರಲ್ಲಿ ಬಣ್ಣ ಕಾಣ್ತಿತ್ತಾ?" ಅಂತಲೂ ಕೇಳಿದೆ. ಬಾಗಿಲು ಹಾಕಿಕೊಂಡರು. ಅವಳ ಹೂದಾನಿ ಚೂರುಚೂರಾಗಿ ಕಸಕ್ಕೆ ಹೋಗಿತ್ತು. ಸಾಕ್ಷಿ ಯಾವುದಿತ್ತು? ಅದರ ಜೊತೆಯದನ್ನು ಹಾಳೆಗೆ ಹಿಡಿದು ನೋಡಬೇಕು ಅಂತ ಆಗ ನನಗಾಗಲಿ ಅವಳಿಗಾಗಲಿ ಹೊಳೆಯಲಿಲ್ಲ. ಮೇಷ್ಟ್ರ ಕಣ್ಣಿನ ಮೇಲೆ ಎಲ್ಲರಿಗೂ ಅವರಿಗಿಂತ ಹೆಚ್ಚು ನಂಬಿಕೆ. ಉರಿಗೆ ಹಿಡಿದು ಸುಳ್ಳು ಹೇಳಿದ ಹುಡುಗಿ ಅಂತ ಅವಳ ಹೆಸರು ಬೇರೆ ಶೆಡ್ಡುಗಳಿಗೂ ಹೋಯಿತು. ನಾನು ಅವಳ ರೂಮಿಗೆ ಹೋದಾಗ ಮೂಲೆಯಲ್ಲಿ ಎರಡು ಪೆನ್ಸಿಲ್, ನಡುವೆ ಕರ್ಚೀಫು. ಬಟ್ಟೆ ಹಗ್ಗದ ಹಾಗೆ ಹುರಿಗಟ್ಟಿತ್ತು. ಕೊನೆಗೆ ಕಾಮಾಕ್ಷಿಪಾಳ್ಯದ ಕಡೆ ಔಷಧದ ಬಾಟಲು ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸ ಹಿಡಿದಳು. ಮುಂದೆ ಸಾಗುವ ಬಾಟಲುಗಳನ್ನು ಬೆಳಕಿಗೆ ನೋಡಿ ಒಡಕು ಕಂಡರೆ ಎಡಗೈಯಿಂದ ಪಕ್ಕಕ್ಕಿಡುವ ಕೆಲಸ.

ಮುಂದಿನ ವರ್ಷ ಮಗಳು ಅತ್ತು ಕರೆದು ಮೇಷ್ಟ್ರಿಗೆ ಪೊರೆಯ ಆಪರೇಷನ್ ಮಾಡಿಸಿದಳು. ಸುಧಾರಿಸಿಕೊಂಡ ಮೇಲೆ ನಮ್ಮ ಮನೆಗೆ ಬಂದರು, ರಾಜಿಗೆ ಅಂತ ಇರಬೇಕು, ಕೈಯಲ್ಲಿ ಅದೇ ಸಾರಿನ ಡಬ್ಬಿ, ಅವರೆಕಾಯಿ ಕಾಲವಲ್ಲದ್ದಕ್ಕೆ ಒಳಗೆ ಹುರುಳಿ. ಮಗಳು ಕೊಡಿಸಿದ ಕಪ್ಪು ಕನ್ನಡಕ ಹಾಕಿದ್ದರು. ನನ್ನ ಮೊಮ್ಮಗ ಟಿವಿಯಲ್ಲಿ ಕಾರ್ಟೂನು ನೋಡುತ್ತಿದ್ದ. ನಾನು ಸ್ಟೀಲ್ ಲೋಟದಲ್ಲಿ ಕಾಫಿ ತಂದಾಗ ಮೇಷ್ಟ್ರು ಕುತ್ತಿಗೆ ಓರೆ ಮಾಡಿಕೊಂಡು ಟಿವಿಯ ಕಡೆ ನೋಡುತ್ತಿದ್ದರು. ಇವರಿಗೂ ಕಾರ್ಟೂನ್ ಹುಚ್ಚು ಹಿಡಿಯಿತೇ ಅಂದುಕೊಂಡೆ. ಅವರು ನೋಡುತ್ತಿದ್ದದ್ದು, ಕೂತ ಜಾಗದಿಂದ ಟಿವಿಯ ಬೆಳಕಿಗೆ ಅಡ್ಡ ಕಾಣುತ್ತಿದ್ದ ಹೂದಾನಿಯನ್ನು. ಕನ್ನಡಕ ತೆಗೆದರು, ಹಾಕಿದರು. ಎದ್ದು ಹೋಗಿ, ಜೇಬಿನಲ್ಲಿ ಸದಾ ಇರುತ್ತಿದ್ದ ಕಪ್ಪು ಹಾಳೆಯ ಚೂರನ್ನು ಕಣ್ಣಿಗೆ ಹಿಡಿದರು. ಟಿವಿಯ ಬೆಳಕಿಗೂ ಅವರ ಕಪ್ಪು ಕನ್ನಡಕಕ್ಕೂ ಆ ಹಾಳೆಯ ಗುಣವೇ ಇದೆಯಂತೆ, ಹಿಂದೆ ಟಿವಿ ಇದ್ದರೆ ಒಂದೇ ಹಾಳೆ ಸಾಕು.

"ಮೇಡಂ, ಇದನ್ನ ಕೊಡಿ. ಓವನ್ನಿಗೆ ಹಾಕಿ ಸರಿ ಮಾಡಿ ತಂದ್ಕೊಡ್ತೀನಿ. ಮಗು ಓಡಾಡೋ ಮನೆ, ಇಟ್ಕೋಬಾರದು" ಅಂದರು.

"ಯಾಕೆ? ಪಾಸಾಗಿದೆಯಲ್ಲ?"

ಹಾಳೆಯನ್ನು ಅವರ ಕೈಯಿಂದ ಕಿತ್ತುಕೊಂಡು ನಾನೂ ನೋಡಿದೆ. ಹೂದಾನಿಯ ಕುತ್ತಿಗೆಯಿಂದ ತಳದವರೆಗೆ ನೀಲಿ, ಹಳದಿ ಹರಿದಿತ್ತು. ಈ ಹೂದಾನಿ ಶೆಡ್ಡಿನಿಂದ ನೇರ ನನ್ನ ಮನೆಗೆ ಬಂದದ್ದು, ಉರಿಯ ಮುಖ ಮತ್ತೆ ಕಂಡಿರಲಿಲ್ಲ. ಹಾಗಾದರೆ ಅವತ್ತು ರಾತ್ರಿ ಕರೆಂಟು ಹೋಗಿ ಓವನ್ ತಣಿದು, ಎರಡೂ ಕೆಟ್ಟಿದ್ದವು. ಮೇಷ್ಟ್ರಿಗೆ ಕಂಡಿರಲಿಲ್ಲ.

"ಓವನ್ನಿಗೆ ಹಾಕಿದರೆ ಈ ಬಣ್ಣ ಉಳಿಯುತ್ತಾ?" ಅಂತ ಕೇಳಿದೆ.

"ಹೋಗುತ್ತೆ."

"ಹಾಗಾದ್ರೆ ಕೊಡಲ್ಲ. ಮೊದಲು ಆ ಹುಡುಗಿಗೆ ತೋರಿಸಿ."

ಮಗುವಿನ ಮೇಲಿನ ಕಾಳಜಿಯಿಂದ ಕೇಳಿದರೋ, ಗುರುತು ಅಳಿಸಲು ಕೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೆಟ್ಟ ಗಾಜು ಕಂಡರೆ ಓವನ್ನಿಗೆ ಹಾಕು ಅನ್ನುವುದು ಅವರ ರಕ್ತದಲ್ಲೇ ಇತ್ತು. ಅವರಿಗೇ ಗೊತ್ತಿತ್ತೋ ಇಲ್ಲವೋ.

ಅನ್ನಪೂರ್ಣೇಶ್ವರಿ ನಗರಕ್ಕೆ ನಾನೇ ಕರೆದುಕೊಂಡು ಹೋದೆ. ಆಟೋದಲ್ಲಿ ಮೇಷ್ಟ್ರು ಹೂದಾನಿಯನ್ನು ತೊಡೆಯ ಮೇಲಿಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಎರಡೂ ಕೈಯಿಂದ ಅವಚಿ ಹಿಡಿಯುತ್ತಿದ್ದರು. ರೇಣುಕಾ ಬಾಗಿಲು ತೆರೆದು, ಒಳಗೆ ಕರೆದು, ಕುರ್ಚಿ ಹಾಕಿ, ನೀರು ಕೊಟ್ಟಳು. ಮೇಷ್ಟ್ರು ಶೆಡ್ಡಿನಿಂದ ತಂದಿದ್ದ ಎರಡು ಹಾಳೆಗಳನ್ನು ಅವಳ ಕೈಗೆ ಕೊಟ್ಟು ಹೂದಾನಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಏನು ಕಾಣುತ್ತೆ?"

"ಬಣ್ಣ ಐತ್ರೀ ಸರ್."

"ನಂಗೂ ಈಗ ಕಾಣ್ತಿದೆ."

"ಈಗ ಕಂಡು ಏನ್ ಮಾಡೂದ್ರೀ?" ಅಂದಳು. ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಮೇಷ್ಟ್ರು ಅವಳ ಮಡಚಲಾಗದ ಬೆರಳುಗಳನ್ನು ನೋಡಿ, "ತಪ್ಪಾಯ್ತು ಕಣಮ್ಮ" ಅಂದರು. ಅತ್ತರು.

"ನನ್ನೊಬ್ಬಾಕಿ ಮುಂದ ಹೇಳಿದ್ರ ಆಗೂದಿಲ್ರೀ. ಎಲ್ಲಾರ ಮುಂದ ಅಂದಿದ್ರಿ. ಎಲ್ಲಾರ ಮುಂದನ ಹೇಳ್ರಿ."

"ಹೇಳ್ತೀನಿ. ಆಯುಧಪೂಜೆಗೆ ಬಾ. ಎಲ್ಲರೂ ಬಂದಿರ್ತಾರೆ. ಇದನ್ನ ಅಲ್ಲಿವರೆಗೆ ನನ್ನ ಹತ್ರ..."

"ಬ್ಯಾಡ್ರೀ. ಮೇಡಮ್ಮರ ಮನ್ಯಾಗ ಇರ್ಲಿ. ನನಗ ಇರೂ ಸಾಕ್ಷಿ ಅದೊಂದ."

ಹೂದಾನಿಯನ್ನು ನಾನು ಮನೆಗೆ ತಂದು, ಮೊಮ್ಮಗನಿಗೆ ಎಟುಕದ ಹಾಗೆ ಅಟ್ಟದ ಮೇಲಿಟ್ಟೆ.

ಆಯುಧಪೂಜೆಗೆ ಶೆಡ್ಡು ಕಿಕ್ಕಿರಿದಿತ್ತು. ಬರ್ನರಿಗೆ ಕುಂಕುಮ, ಓವನ್ನಿಗೆ ಮಾವಿನ ತೋರಣ, ಮೂಲೆಯಲ್ಲಿ ಕಡಲೆಪುರಿ ಮೂಟೆ. ಹಳೆಯ ಶಿಷ್ಯರು ಬಂದಿದ್ದರು, ಹೊಸಬರು ಅದಕ್ಕಿಂತ ಹೆಚ್ಚು. ರೇಣುಕಾ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ನನ್ನ ಪಕ್ಕ ನಿಂತಿದ್ದಳು. ಮಂಗಳಾರತಿ ಆದ ಮೇಲೆ ಮೇಷ್ಟ್ರು ನಾನು ತಂದ ಹೂದಾನಿಯನ್ನು ಮೇಜಿನ ಮೇಲಿಟ್ಟು, ಹಾಳೆಗಳನ್ನು ಎಲ್ಲರ ಕೈಗೂ ದಾಟಿಸಿದರು. ಒಬ್ಬೊಬ್ಬರೂ ನೋಡಿ, "ಬಣ್ಣ ಇದೆ ಸಾರ್" ಅಂದರು.

"ಇದನ್ನ ಶುದ್ಧ ಅಂತ ಪಾಸ್ ಮಾಡಿದ್ದು ನಾನೇ" ಅಂದರು ಮೇಷ್ಟ್ರು. "ನನ್ನ ಕಣ್ಣಿಗೆ ಪೊರೆ ಬಂದಿತ್ತು. ಅಹಂಕಾರದಿಂದ ಒಪ್ಕೊಳ್ಳಲಿಲ್ಲ. ನೀವು ಯಾರೂ ಹಾಗೆ ಮಾಡಬೇಡಿ."

ಇನ್ನೊಂದು ವಾಕ್ಯ ಬಾಕಿ ಇತ್ತು. ಇದರ ಜೊತೆಯ ಹೂದಾನಿಯೇ ರೇಣುಕಾ ಕೈಯಲ್ಲಿ ಒಡೆದದ್ದು, ಅವಳ ತಪ್ಪಿಲ್ಲ ಅನ್ನುವುದು. ಅವರು ಅವಳ ಕಡೆ ತಿರುಗಿದರು, ಬಾಯಿ ತೆರೆದರು, ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಶೆಡ್ಡೇ ತಟ್ಟಿತು. "ಇದಪ್ಪಾ ಗುರು ಅಂದ್ರೆ!" ಅಂತ ಒಬ್ಬ ಕೂಗಿದ. ಒಬ್ಬಳು ಕಾಲಿಗೆ ಬಿದ್ದಳು. ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟರು. ಚಪ್ಪಾಳೆ ನಿಂತ ಮೇಲಾದರೂ ಹೇಳಬಹುದಿತ್ತು. ನಿಂತಿತು. ಅವರು ಕಡಲೆಪುರಿ ಹಂಚಲು ಹೇಳಿದರು.

ನಾನೇ ಹೇಳುತ್ತೇನೆ ಅಂತ ಮುಂದೆ ಹೊರಟೆ. ರೇಣುಕಾ ನನ್ನ ಸೆರಗು ಹಿಡಿದಳು. "ಬ್ಯಾಡ್ರೀ ಮೇಡಂ. ಅವರ ಬಾಯಿಂದ ಬರಬೇಕಿತ್ತು" ಅಂದಳು. ಹೂದಾನಿಯನ್ನು ತಾನೇ ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಪ್ರಸಾದ ತೆಗೆದುಕೊಳ್ಳದೆ ಹೊರಟುಹೋದಳು.

ಆಮೇಲೆ ಅವರು ಹೆಚ್ಚು ದಿನ ಶೆಡ್ಡು ನಡೆಸಲಿಲ್ಲ. ಹೃದಯ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ನನ್ನ ಸಂಸಾರ, ಸೊಸೆ, ಬಿಪಿ ಎಲ್ಲ ವಿಚಾರಿಸಿ ಕೊನೆಗೆ, "ಅದು ಇನ್ನೂ ಹಾಗೇ ಇದೆಯಾ ಮೇಡಂ?" ಅಂದರು. ಇದೆ ಅಂದೆ. "ನಾಲಿಗೆ ತುದಿಗೆ ಬಂದಿತ್ತು. ಚಪ್ಪಾಳೆ ರುಚಿ ಹತ್ತಿಬಿಡ್ತು" ಅಂದರು. ಬೈಯಬೇಕು ಅಂತಲೇ ಹೋಗಿದ್ದೆ. ಅವರ ಕೈ ನನ್ನ ಕೈಯಲ್ಲಿತ್ತು, ಮುಂಗೈ ತುಂಬ ಸುಟ್ಟ ಕಲೆಗಳು. ಬೈಯಲು ಆಗಲಿಲ್ಲ. ನನಗೆ ಆ ಮನುಷ್ಯ ಬೇಕಾಗಿದ್ದರು, ಏನು ಮಾಡಲಿ.

ಸಭೆಗೆ ರೇಣುಕಾ ಬಂದಿದ್ದಳು. ಕೊನೆಯ ಸಾಲಿನಲ್ಲಿ ಕೂತು, ಅದೇ ಕಥೆಯನ್ನು ಅಷ್ಟು ಸಲ ಕೇಳಿ, ಫೋಟೋಗೆ ಹೂ ಹಾಕಿ ಹೊರಬಂದಳು. ಗೇಟಿನ ಹತ್ತಿರ ನಾನು ಕೇಳಿದೆ. "ಈಗ ಏನೇ ಮಾಡೋಣ ಅದನ್ನ?"

"ಓವನ್ನಿಗೆ ಹಾಕಿಸೋಣ್ರೀ. ನಮ್ಮ ಕಾರ್ಖಾನ್ಯಾಗ ಕೇಳ್ತೀನಿ."

"ಹುಚ್ಚಿ! ಬಣ್ಣ ಹೋದರೆ ಇನ್ನೇನು ಉಳಿಯುತ್ತೆ ನಿಂಗೆ?"

"ಯಾರಿಗ್ ತೋರಸೂದೈತ್ರೀ ಇನ್ನ? ನಿಮ್ಮ ಮನ್ಯಾಗ ಕೂಸೈತಿ. ನಾಳೆ ಅಟ್ಟಕ್ಕ ಕೈ ಹಾಕ್ತಾನ. ನನ್ನ ಕೈ ಹೋಗಿದ್ದು ಸಾಕ್ರೀ."

ಸೋಮವಾರ ಅವಳೇ ಬಂದು ಒಯ್ದಳು. ವಾರದ ಕೊನೆಗೆ ವಾಪಸ್ ತಂದು, ಟಿವಿ ಹಾಕಿ ಅದರ ಮುಂದಿಟ್ಟು, ಕಪ್ಪು ಹಾಳೆಯೊಂದನ್ನು ನನ್ನ ಕಣ್ಣಿಗೆ ಹಿಡಿದಳು. ಒಂದು ಎಳೆ ಬಣ್ಣವಿಲ್ಲ, ಬರೀ ಕತ್ತಲೆ. "ಶುದ್ಧ" ಅಂದಳು, ಥೇಟು ಮೇಷ್ಟ್ರ ದನಿಯಲ್ಲಿ. ಈಗ ಅದು ಟಿವಿ ಪಕ್ಕದಲ್ಲೇ ಇದೆ. ನನ್ನ ಮೊಮ್ಮಗ ಅದರೊಳಗೆ ತನ್ನ ಕ್ರೇಯಾನ್ ತುಂಬಿಟ್ಟಿದ್ದಾನೆ.

ಗಾಜಿನಲ್ಲಿ ಇನ್ನು ಏನೂ ಉಳಿದಿಲ್ಲ. ಆದ್ದರಿಂದ ಮೇಷ್ಟ್ರು ಹೇಳಬೇಕಾಗಿದ್ದ ಮಾತನ್ನು ಇಲ್ಲಿ ನಾನು ಎಲ್ಲರ ಮುಂದೆ ಹೇಳುತ್ತಿದ್ದೇನೆ. ಪಾಸಾದ ಮೇಲೆ ರೇಣುಕಾ ಆ ಒಡೆದ ಹೂದಾನಿಯನ್ನು ಉರಿಗೆ ಹಿಡಿದಿರಲಿಲ್ಲ.